ಕರ್ನಾಟಕದ ಮನೆಮಾತಿನಲ್ಲಿ ನೆಂಟಸ್ತಿಕೆಯ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾಗಿ ಬೇರೆ ಸೀಮೆಗೆ ಹೋದವರು, ಲಗ್ನಪತ್ರಿಕೆ ಬರೆಸಲು ಕೂತವರು, ವಂಶವೃಕ್ಷಕ್ಕೆ ಅರ್ಜಿ ಹಾಕುವವರು, ಅಜ್ಜಿಯ ಮಾತು ಬರೆದಿಡಬೇಕೆಂದಿರುವ ಮೊಮ್ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಒಂದು ಜಿಲ್ಲೆಯ ಹೆಸರು ಹೇಳಿದ ಕಡೆ ಆ ಜಿಲ್ಲೆಯ ಪ್ರತಿ ಮನೆಯಲ್ಲೂ ಅದೇ ಪದ ಎಂದು ತಿಳಿಯಬೇಡಿ. ಊರು, ಸಮುದಾಯ, ಮನೆಯ ಹಳೆಯ ರೂಢಿ ಮೂರೂ ಸೇರಿ ಪದ ನಿಲ್ಲುತ್ತದೆ.

ಒಂದೇ ಕನ್ನಡದಲ್ಲಿ ಇಷ್ಟೊಂದು ಬೇರೆ ಬೇರೆ ಪದ ಯಾಕೆ? ಯಾವುದು ಸರಿ?

ಆಯಾ ಮನೆಯಲ್ಲಿ ಆಡುವುದೇ ಆ ಮನೆಗೆ ಸರಿ. 1956ರ ನವೆಂಬರ್ 1ರವರೆಗೆ ಕನ್ನಡ ನಾಡು ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಎಂದು ಹಂಚಿಹೋಗಿತ್ತು. ಬೆಳಗಾವಿ, ವಿಜಯಪುರ, ಬೀದರ್ ಕಡೆ ಮರಾಠಿಯ ಒಡನಾಟ, ಬಳ್ಳಾರಿ, ಕೋಲಾರದಲ್ಲಿ ತೆಲುಗಿನದು, ಕರಾವಳಿಯಲ್ಲಿ ತುಳು ಕೊಂಕಣಿಯದು. ಬೀದಿಯಲ್ಲಿ, ಸಂತೆಯಲ್ಲಿ, ಹೆಣ್ಣು ಕೊಟ್ಟು ತರುವಲ್ಲಿ ಬೆರೆತ ಜನ ಕರೆಯುವ ಪದವನ್ನೂ ಬೆರೆಸಿಕೊಂಡರು. ಕಾಕಾ, ಮೌಶಿ, ವೈನಿ ಹಾಗೆ ಬಂದವು. ಅವನ್ನು ಅಳಿಸಿ ಚಿಕ್ಕಪ್ಪ, ಚಿಕ್ಕಮ್ಮ, ಅತ್ತಿಗೆ ಎಂದು ತಿದ್ದುವುದು ಬೇಕಿಲ್ಲದ ಕೆಲಸ. ಮಕ್ಕಳ ಬಾಯಲ್ಲಿ ಮನೆಯ ಪದವೇ ಉಳಿಯಲಿ.

ಹೊಸ ನೆಂಟರು ಎದುರಾದರೆ ಏನೆಂದು ಕರೆಯಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಇದು ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಹಿರಿಯರು "ಅವರು ನಿನಗೆ ವರಸೆಯಲ್ಲಿ ಏನಾಗಬೇಕು?" ಎಂದು ಕೇಳುತ್ತಾರಲ್ಲ, ಆ ವರಸೆಗೆ ಒಂದು ಖಚಿತ ಲೆಕ್ಕವಿದೆ.

ಅಪ್ಪನ ಜೊತೆ ಹುಟ್ಟಿದ ಗಂಡಸು ಅಪ್ಪನ ಸಮಾನ. ಆದ್ದರಿಂದ ದೊಡ್ಡಪ್ಪ ಅಥವಾ ಚಿಕ್ಕಪ್ಪ. ಅಮ್ಮನ ಜೊತೆ ಹುಟ್ಟಿದ ಹೆಂಗಸು ಅಮ್ಮನ ಸಮಾನ. ಆದ್ದರಿಂದ ದೊಡ್ಡಮ್ಮ ಅಥವಾ ಚಿಕ್ಕಮ್ಮ. ಅಪ್ಪನ ಅಕ್ಕತಂಗಿ ಅತ್ತೆ, ಅಮ್ಮನ ಅಣ್ಣತಮ್ಮ ಮಾವ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಬಂದರೆ "ಅಪ್ಪ-ಅಮ್ಮ" ಸಾಲು. ನಡುವೆ ಅಣ್ಣ-ತಂಗಿ ಅಥವಾ ಅಕ್ಕ-ತಮ್ಮ ಜೋಡಿ ಬಂದರೆ "ಅತ್ತೆ-ಮಾವ" ಸಾಲು. ಮೊದಲ ಸಾಲಿನವರ ಮಕ್ಕಳು ನಿಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಎರಡನೆಯ ಸಾಲಿನವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ.

ದೂರದವರಿಗೂ ಇದೇ ಲೆಕ್ಕ. ಅಮ್ಮನ ಅಮ್ಮನಿಗೆ ಒಬ್ಬ ತಂಗಿ ಇದ್ದಾರೆ, ಅವರ ಮಗಳು ನಿಮ್ಮ ಎದುರು ನಿಂತಿದ್ದಾರೆ ಎನ್ನಿ. ಅಜ್ಜಿ ಮತ್ತು ಅವರ ತಂಗಿ ಇಬ್ಬರೂ ಹೆಂಗಸರು, ಆದ್ದರಿಂದ ಅವರಿಬ್ಬರ ಮಕ್ಕಳು ಅಕ್ಕತಂಗಿಯರು. ಅಮ್ಮನಿಗೆ ತಂಗಿ ಎಂದರೆ ನಿಮಗೆ ಚಿಕ್ಕಮ್ಮ. ಅದೇ ಅಜ್ಜಿಯ ತಮ್ಮನ ಮಗಳಾದರೆ ಅಮ್ಮನಿಗೆ ನಾದಿನಿ ಅಥವಾ ಅತ್ತಿಗೆ, ನಿಮಗೆ ಅತ್ತೆ. ಒಂದು ಕೊಂಡಿಯಲ್ಲಿ ಗಂಡು ಹೆಣ್ಣು ಬದಲಾಗಿದ್ದಕ್ಕೆ ಚಿಕ್ಕಮ್ಮ ಹೋಗಿ ಅತ್ತೆ ಬಂದರು.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: ಒಮ್ಮೆಲೇ ನಾಲ್ಕು ಕೊಂಡಿ ಹಾರಲು ಹೋದಾಗ. ಪ್ರತಿ ಮೆಟ್ಟಿಲಲ್ಲೂ "ಇವರು ನನ್ನ ಅಮ್ಮನಿಗೆ (ಅಥವಾ ಅಪ್ಪನಿಗೆ) ಏನಾಗಬೇಕು?" ಎಂದು ಕೇಳಿಕೊಂಡು ಆಮೇಲೆ ನಿಮಗೆ ಇಳಿಸಿಕೊಳ್ಳಿ.

ದೊಡ್ಡ, ಚಿಕ್ಕ ಎನ್ನುವುದು ಯಾರ ವಯಸ್ಸು ನೋಡಿ?

ನಿಮ್ಮ ಅಪ್ಪ ಅಥವಾ ಅಮ್ಮನ ವಯಸ್ಸಿಗೆ ಹೋಲಿಸಿ. ಗಂಡ ಹೆಂಡತಿ ಜೋಡಿಯಲ್ಲಿ ರಕ್ತ ಸಂಬಂಧ ಇರುವವರ ಹಿರಿತನ ಮಾತ್ರ ಲೆಕ್ಕಕ್ಕೆ. ಅಮ್ಮನ ಅಕ್ಕನ ಗಂಡ ನಿಮ್ಮ ಅಪ್ಪನಿಗಿಂತ ಎರಡು ವರ್ಷ ಕಿರಿಯರಾದರೂ ಅವರು ದೊಡ್ಡಪ್ಪನೇ. ಚಿಕ್ಕಪ್ಪಂದಿರು ನಾಲ್ವರಿದ್ದರೆ ಹೆಸರು ಅಥವಾ ಊರು ಸೇರುತ್ತದೆ: ಸೀನು ಚಿಕ್ಕಪ್ಪ, ಹಾಸನದ ಚಿಕ್ಕಪ್ಪ. ಊರು ಬಿಟ್ಟು ಮೂವತ್ತು ವರ್ಷವಾದರೂ ಹಾಸನದ ಚಿಕ್ಕಪ್ಪ ಹಾಸನದವರಾಗಿಯೇ ಉಳಿಯುತ್ತಾರೆ.

ತಾಯಿ ತಂದೆಯನ್ನು ಎಲ್ಲೆಲ್ಲಿ ಏನೆನ್ನುತ್ತಾರೆ?

ಅಮ್ಮ, ಅಪ್ಪ ಎಲ್ಲೆಡೆ ಗೊತ್ತು. ಅವ್ವ ಎನ್ನುವುದು ಬರೀ ಉತ್ತರ ಕರ್ನಾಟಕದ್ದು ಎಂಬ ನಂಬಿಕೆ ತಪ್ಪು; ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲೂ ಅದು ಗಟ್ಟಿಯಾಗಿದೆ, ಕೊಡವ ಭಾಷೆಯಲ್ಲೂ ತಾಯಿಗೆ ಅವ್ವ ಎನ್ನುತ್ತಾರೆ. ಹವ್ಯಕರಲ್ಲಿ ಅಬ್ಬೆ, ಉತ್ತರ ಕನ್ನಡದ ಕಡೆಯವರಲ್ಲಿ ಆಯಿ. ಕುಂದಾಪುರ, ಮಲೆನಾಡಿನ ಕಡೆ ತಂದೆಗೆ ಅಪ್ಪಯ್ಯ. ಹಳೆ ಮೈಸೂರಿನ ಮನೆಗಳಲ್ಲಿ ಅಪ್ಪಾಜಿ, ಅಯ್ಯ.

ಹಳೆ ಮೈಸೂರಿನ ಹಲವು ಮನೆಗಳಲ್ಲಿ ತಂದೆಯನ್ನು "ಅಣ್ಣ" ಎಂದೇ ಕರೆಯುತ್ತಾರೆ. ಕೂಡುಕುಟುಂಬದಲ್ಲಿ ಚಿಕ್ಕಪ್ಪಂದಿರು, ಅತ್ತೆಯರು "ಅಣ್ಣಾ" ಎನ್ನುವುದನ್ನು ಕೇಳುತ್ತಾ ಬೆಳೆದ ಮಗು ಅದನ್ನೇ ಹಿಡಿಯುತ್ತದೆ. ಹಾಗೆಯೇ ತಾಯಿಯನ್ನು "ಅಕ್ಕ" ಎನ್ನುವ ಮನೆಗಳೂ ಇವೆ. ಹೊಸ ಸೊಸೆ ಇಂಥ ಮನೆಗೆ ಬಂದಾಗ, ಗಂಡ "ಅಣ್ಣ ಹೇಳಿದ್ರು" ಎಂದರೆ ಯಾರು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಒಂದೇ ಪದ ಬೇರೆ ಊರಿನಲ್ಲಿ ಬೇರೆಯವರನ್ನು ಸೂಚಿಸುತ್ತದೆಯೇ? ಯಾವ ಪದಗಳಲ್ಲಿ ಎಚ್ಚರ ಬೇಕು?

ಹೌದು, ಅತಿ ಹೆಚ್ಚು ಎಡವಟ್ಟು ಇಲ್ಲೇ.

*ಆಯಿ*: ಶಿರಸಿ, ಕುಮಟಾ, ಹೊನ್ನಾವರದ ಹವ್ಯಕ ಮನೆಯಲ್ಲಿ ತಾಯಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಬಹಳ ಮನೆಗಳಲ್ಲಿ ಅಜ್ಜಿ. "ಆಯಿಗೆ ಹುಷಾರಿಲ್ಲ" ಎಂಬ ಸುದ್ದಿ ಬಂದರೆ ಹೇಳಿದವರ ಊರು ಗೊತ್ತಿರಬೇಕು.

*ಅಮ್ಮ*: ಉತ್ತರ ಕರ್ನಾಟಕದಲ್ಲಿ ತಾಯಿಗೆ ಅವ್ವ ಎನ್ನುವ ಕೆಲವು ಮನೆಗಳಲ್ಲಿ ಅಮ್ಮ ಎಂದರೆ ಅಜ್ಜಿ.

*ತಾಯಿ*: ಕೊಡವ ಭಾಷೆಯಲ್ಲಿ ಅಜ್ಜಿ.

*ಮುತ್ಯಾ*: ಕಲಬುರಗಿ, ವಿಜಯಪುರ, ಯಾದಗಿರಿ ಕಡೆ ಅಜ್ಜ. ದಕ್ಷಿಣದವರು ಇದನ್ನು ಮುತ್ತಜ್ಜ, ಮುತ್ತಾತ ಎಂದುಕೊಂಡು ಒಂದು ತಲೆಮಾರು ಮೇಲೆ ಹೋಗಿಬಿಡುತ್ತಾರೆ. ವಂಶವೃಕ್ಷ ಬರೆಯುವಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ. ಆ ಕಡೆ ಮಠದ ಸ್ವಾಮಿಗಳನ್ನೂ ಅಜ್ಜಾರು, ಅಪ್ಪಾರು, ಮುತ್ಯಾ ಎಂದು ಭಕ್ತಿಯಿಂದ ಕರೆಯುವುದುಂಟು, "ಅಜ್ಜಾರ ಕಡೆ ಹೋಗಿದ್ವಿ" ಎಂದರೆ ಮಠಕ್ಕೆ ಹೋಗಿದ್ದಿರಬಹುದು.

*ಕೂಸು*: ಬಹುಪಾಲು ಕರ್ನಾಟಕದಲ್ಲಿ ಎಳೆಮಗು, ಗಂಡಾದರೂ ಹೆಣ್ಣಾದರೂ. ಹವ್ಯಕರ ಮಾತಿನಲ್ಲಿ ಹುಡುಗಿ. ಅಲ್ಲಿ ಹುಡುಗ ಎಂದರೆ ಮಾಣಿ. ಬೆಂಗಳೂರಿನವರಿಗೆ ಮಾಣಿ ಎಂದರೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು. ಕುಂದಾಪುರದ ಮನೆಯಲ್ಲಿ ಅದು ಮಗನನ್ನು ಮುದ್ದಿನಿಂದ ಕರೆಯುವ ಮಾತು.

*ಚಿಕ್ಕಮ್ಮ*: ಅಮ್ಮನ ತಂಗಿ, ಚಿಕ್ಕಪ್ಪನ ಹೆಂಡತಿ, ಕೆಲವು ಮನೆಗಳಲ್ಲಿ ಅಪ್ಪನ ಎರಡನೇ ಹೆಂಡತಿಯೂ. ಸಂದರ್ಭ ಗೊತ್ತಿಲ್ಲದೆ ಕೆದಕಿ ಕೇಳಬೇಡಿ.

ಚಿಕ್ಕಪ್ಪ, ಚಿಕ್ಕಮ್ಮನಿಗೆ ಬೇರೆ ಕಡೆ ಯಾವ ಪದ?

ಉತ್ತರದಲ್ಲಿ ಅಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕು ಅಥವಾ ಕಾಕಿ. ಅವೇ ಊರುಗಳಲ್ಲಿ ಸಣ್ಣಪ್ಪ, ಸಣ್ಣವ್ವ, ಚಿಗವ್ವ ಕೂಡ ಕೇಳುತ್ತವೆ. ಅಮ್ಮನ ತಂಗಿಗೆ ಮೌಶಿ. ಧಾರವಾಡ ಕಡೆಯ ಕೆಲವು ಬ್ರಾಹ್ಮಣ ಮನೆಗಳಲ್ಲಿ ಅಬಚಿ. ಇಲ್ಲೊಂದು ಅನುಕೂಲ ಗಮನಿಸಿ: ದಕ್ಷಿಣದಲ್ಲಿ ಚಿಕ್ಕಮ್ಮ ಎಂದರೆ ಅಪ್ಪನ ಕಡೆಯವರೋ ಅಮ್ಮನ ಕಡೆಯವರೋ ಗೊತ್ತಾಗುವುದಿಲ್ಲ. ಕಾಕು, ಮೌಶಿ ಎಂದು ಕರೆಯುವ ಮನೆಯಲ್ಲಿ ಪದ ಕೇಳಿದ ಕೂಡಲೇ ಗೊತ್ತಾಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರಲ್ಲಿ ಚಿಕ್ಕಪ್ಪನಿಗೆ ಅಪ್ಪಚ್ಚಿ ಎನ್ನುತ್ತಾರೆ. ಕಲಬುರಗಿ, ಬೀದರ್‌ನಲ್ಲಿ ಉರ್ದು ಮಾತಾಡುವ ನೆರೆಹೊರೆಯವರ ಖಾಲಾ, ಮಾಮು ಕನ್ನಡ ಮಕ್ಕಳ ಬಾಯಲ್ಲೂ ಸಲೀಸಾಗಿ ಬರುತ್ತವೆ.

ಮಾವ ಎಂದರೆ ಎಷ್ಟು ಜನ?

ಕನಿಷ್ಠ ಮೂವರು: ಅಮ್ಮನ ಅಣ್ಣ ಅಥವಾ ತಮ್ಮ, ಅಪ್ಪನ ಅಕ್ಕ ಅಥವಾ ತಂಗಿಯ ಗಂಡ, ಗಂಡನ ಅಥವಾ ಹೆಂಡತಿಯ ತಂದೆ. ಬಿಡಿಸಿ ಹೇಳಬೇಕಾದಾಗ ಮೊದಲನೆಯವರಿಗೆ ಸೋದರಮಾವ ಎನ್ನಿ. ಉತ್ತರ ಕರ್ನಾಟಕದ ಬಹಳ ಕಡೆ ಸೋದರಮಾವನಿಗೆ ಮಾಮಾ, ಅವರ ಹೆಂಡತಿಗೆ ಮಾಮಿ, ಹೆಣ್ಣು ಕೊಟ್ಟವರಿಗೆ ಮಾವ ಎಂದು ಪದವೇ ಬೇರೆಯಾಗಿದೆ.

ಸೋದರಮಾವನನ್ನು ಬಿಡಿಸಿ ಹೇಳಲೇಬೇಕಾದ ಸಂದರ್ಭಗಳು ಬಹಳ. ಮಗುವಿನ ಕಿವಿ ಚುಚ್ಚಿಸುವಾಗ ಕೂರಿಸುವುದು ಅವನ ತೊಡೆಯ ಮೇಲೆ. ಜವಳದಲ್ಲಿ ಮೊದಲ ಕೂದಲಿಗೆ ಕತ್ತರಿ ಇಡುವವನು ಹಲವು ಸಮುದಾಯಗಳಲ್ಲಿ ಅವನೇ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹೆಣ್ಣುಮಗಳು ದೊಡ್ಡವಳಾದಾಗ ಹಸಿರು ಸೊಪ್ಪಿನ ಗುಡ್ಲು ಹಾಕುವವನೂ ಅವನು. ಮದುವೆಯಲ್ಲಿ ವಧುವನ್ನು ಮಂಟಪಕ್ಕೆ ಕರೆತರುತ್ತಾನೆ. ಪುರೋಹಿತರು "ಸೋದರಮಾವ ಬನ್ನಿ" ಎಂದಾಗ ಅತ್ತೆಯ ಗಂಡ ಎದ್ದು ಹೋಗಬಾರದು. ಸ್ವಂತ ಸೋದರಮಾವ ಇಲ್ಲದಿದ್ದರೆ ಅಮ್ಮನ ಚಿಕ್ಕಪ್ಪನ ಅಥವಾ ದೊಡ್ಡಮ್ಮನ ಮಗ ಆ ಜಾಗದಲ್ಲಿ ನಿಲ್ಲುತ್ತಾರೆ, ವರಸೆಯಲ್ಲಿ ಅವರೂ ಅಮ್ಮನ ಅಣ್ಣತಮ್ಮಂದಿರೇ. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮರ್ಯಾದೆ ಹಲವು ಕಡೆ ಸೋದರತ್ತೆಗೆ, ಎಂದರೆ ಅಪ್ಪನ ಅಕ್ಕ ಅಥವಾ ತಂಗಿಗೆ. ಮಾವನ ಹೆಂಡತಿಯೂ ಅತ್ತೆಯೇ, ಆದರೆ ಈ ಶಾಸ್ತ್ರ ಅವರದ್ದಲ್ಲ.

ಭಾವ, ಮೈದುನ, ಅತ್ತಿಗೆ, ನಾದಿನಿ ಯಾವಾಗಲೂ ಕಲಸಿಹೋಗುತ್ತವೆ. ಬಿಡಿಸಿ ಹೇಳುತ್ತೀರಾ?

ಹಿರಿಯ ಗಂಡಸು ಭಾವ, ಕಿರಿಯ ಗಂಡಸು ಮೈದುನ. ಹಿರಿಯ ಹೆಂಗಸು ಅತ್ತಿಗೆ, ಕಿರಿಯ ಹೆಂಗಸು ನಾದಿನಿ. ಇಷ್ಟು ನೆನಪಿದ್ದರೆ ಸಾಕು, ಉಳಿದದ್ದು ಅದಕ್ಕೆ ಹೊಂದಿಕೊಳ್ಳುತ್ತದೆ.

ಹೆಂಗಸಿಗೆ: ಗಂಡನ ಅಣ್ಣ ಭಾವ, ಗಂಡನ ತಮ್ಮ ಮೈದುನ, ಗಂಡನ ತಂಗಿ ನಾದಿನಿ. ಗಂಡನ ಅಕ್ಕ ಕೆಲವು ಕಡೆ ಅತ್ತಿಗೆ, ಕೆಲವು ಕಡೆ ಅವರೂ ನಾದಿನಿಯೇ. ಇಲ್ಲಿ ಗಂಡನ ಮನೆಯ ರೂಢಿ ಕೇಳಿಕೊಳ್ಳಿ. ಗಂಡಸಿಗೆ: ಹೆಂಡತಿಯ ಅಣ್ಣ ಭಾವ, ಹೆಂಡತಿಯ ತಮ್ಮ ಭಾವಮೈದುನ, ಮಂಡ್ಯ-ಮೈಸೂರಿನ ಬಾಯಲ್ಲಿ ಬಾಮೈದ. ಹೆಂಡತಿಯ ಅಕ್ಕ ಅತ್ತಿಗೆ, ತಂಗಿ ನಾದಿನಿ. ಇಬ್ಬರಿಗೂ ಅಕ್ಕನ ಗಂಡ ಭಾವ, ಅಣ್ಣನ ಹೆಂಡತಿ ಅತ್ತಿಗೆ. ಅಣ್ಣನ ಹೆಂಡತಿಗೆ ಉತ್ತರದಲ್ಲಿ ವೈನಿ.

ತಂಗಿಯ ಗಂಡ ಮತ್ತು ತಮ್ಮನ ಹೆಂಡತಿಯನ್ನು ಸಾಮಾನ್ಯವಾಗಿ ಹೆಸರಿಡಿದೇ ಕರೆಯುತ್ತಾರೆ. ಪದದ ಕೊರತೆ ಎಂದು ಚಿಂತಿಸಬೇಡಿ. ಬೇರೆಯವರಿಗೆ ಪರಿಚಯಿಸುವಾಗ "ನಮ್ಮ ತಂಗಿ ಗಂಡ", "ತಮ್ಮನ ಹೆಂಡತಿ" ಎಂದು ಬಿಡಿಸಿ ಹೇಳುವುದೇ ರೂಢಿ.

ಓರಗಿತ್ತಿ, ಷಡ್ಡಕ ಎಂದು ಮುಖಕ್ಕೆ ಕರೆಯಬಹುದೇ?

ಬೇಡ. ಇವು ಇನ್ನೊಬ್ಬರಿಗೆ ಹೇಳುವಾಗಿನ ಪದಗಳು. ಅಣ್ಣತಮ್ಮಂದಿರ ಹೆಂಡತಿಯರು ಒಬ್ಬರಿಗೊಬ್ಬರು ಓರಗಿತ್ತಿ ಅಥವಾ ವಾರಗಿತ್ತಿ, ಉತ್ತರದಲ್ಲಿ ನೆಗೆಣ್ಣಿ. ಅಕ್ಕತಂಗಿಯರನ್ನು ಮದುವೆಯಾದ ಗಂಡಸರು ಒಬ್ಬರಿಗೊಬ್ಬರು ಷಡ್ಡಕ, ಆಡುಮಾತಿನಲ್ಲಿ ಸಡ್ಡಕ.

ಎದುರಿಗೆ ಓರಗಿತ್ತಿಯರು ಅಕ್ಕ ಎನ್ನುತ್ತಾರೆ ಅಥವಾ ಹೆಸರಿಡಿಯುತ್ತಾರೆ. ಇಲ್ಲಿ ಹಿರಿತನ ಗಂಡಂದಿರ ಹುಟ್ಟಿನ ಕ್ರಮದಿಂದ ಬರುತ್ತದೆ. ಹಿರಿಯ ಮಗನ ಹೆಂಡತಿ ವಯಸ್ಸಿನಲ್ಲಿ ನಿಮಗಿಂತ ಮೂರು ವರ್ಷ ಚಿಕ್ಕವಳಾದರೂ ಮನೆಯ ಲೆಕ್ಕದಲ್ಲಿ ಅಕ್ಕ. ಮೊದಲ ದಿನವೇ ಹೆಸರಿಡಿದು ಕರೆದರೆ ಅತ್ತೆಗೆ ಚುಚ್ಚುತ್ತದೆ. ಒಂದೆರಡು ತಿಂಗಳಲ್ಲಿ ಇಬ್ಬರೂ ಒಪ್ಪಿ ಹೆಸರಿಗೆ ಬಂದರೆ ಯಾರೂ ತಕರಾರು ಮಾಡುವುದಿಲ್ಲ.

ಹಾಗೆಯೇ ಬೀಗರು. ಮಗಳನ್ನು ಕೊಟ್ಟವರು, ಸೊಸೆ ತಂದವರು ಪರಸ್ಪರ ಬೀಗರು. ಗಂಡಸು ಬೀಗ, ಹೆಂಗಸು ಬೀಗತಿ ಅಥವಾ ಬೀಗಿತ್ತಿ. ಆದರೆ ಇದನ್ನು "ಬೀಗರೇ ಬನ್ನಿ, ಊಟಕ್ಕೇಳಿ" ಎಂದು ಮುಖಕ್ಕೆ ಧಾರಾಳವಾಗಿ ಹೇಳಬಹುದು, ಗೌರವದ ಬಹುವಚನ ಬಿಡದಿದ್ದರಾಯಿತು. ಮಂಡ್ಯ, ಹಾಸನ, ಬೆಂಗಳೂರು ಗ್ರಾಮಾಂತರದ ಕಡೆ ಮದುವೆ ನಂತರದ ಬಾಡೂಟಕ್ಕೆ ಬೀಗರೂಟ ಎಂದೇ ಹೆಸರು.

ಅಳಿಯ ಎಂದರೆ ಮಗಳ ಗಂಡನೋ, ಅಕ್ಕನ ಮಗನೋ?

ಎರಡೂ. ಗಂಡಸಿಗೆ ಅಕ್ಕ ಅಥವಾ ತಂಗಿಯ ಮಗ, ಹೆಂಗಸಿಗೆ ಅಣ್ಣ ಅಥವಾ ತಮ್ಮನ ಮಗ ಸೋದರಳಿಯ. ಅವರ ಅಕ್ಕತಂಗಿಯರು ಸೋದರಸೊಸೆ. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವ ಪದ್ಧತಿ ಇದ್ದುದರಿಂದ ಸೋದರಳಿಯನೇ ಮುಂದೆ ಮನೆಯ ಅಳಿಯನಾಗುತ್ತಿದ್ದ, ಪದವೂ ಒಂದೇ ಸಾಕಾಯಿತು.

ಕರಾವಳಿಯ "ಅಳಿಯಸಂತಾನ" ಪದವನ್ನು ಓದಿ ಆಸ್ತಿ ಮಗಳ ಗಂಡನಿಗೆ ಹೋಗುತ್ತಿತ್ತು ಎಂದು ತಿಳಿಯುವವರಿದ್ದಾರೆ. ಅಲ್ಲಿನ ಅಳಿಯ ಅಕ್ಕತಂಗಿಯರ ಮಗ. ಬಂಟರೂ ಸೇರಿ ಹಲವು ತುಳುನಾಡ ಸಮುದಾಯಗಳಲ್ಲಿ ಕುಟುಂಬ ಹೆಣ್ಣಿನ ಸಾಲಿನಲ್ಲಿ ಮುಂದುವರಿಯುತ್ತಿತ್ತು. ಒಬ್ಬ ಗಂಡಸಿನ ಮಕ್ಕಳು ತಮ್ಮ ತಾಯಿಯ ಕುಟುಂಬಕ್ಕೆ, ತಾಯಿಯ ಬಳಿಗೆ (ಗೋತ್ರದಂಥ ಕುಲದ ಗುಂಪಿಗೆ) ಸೇರಿದವರು. ಈ ಕುಟುಂಬಗಳಿಗಾಗಿ 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅಳಿಯಸಂತಾನದವರ ಪಾಲಿನ ಬಗ್ಗೆ ಬೇರೆಯೇ ಉಪಬಂಧವಿದೆ. ಹಳೆಯ ದಾಖಲೆ ಓದುವಾಗ ಇದು ನೆನಪಿರಲಿ.

ಘಟ್ಟದ ಮೇಲಿನವರು ತುಳು ಮನೆಗೆ ಹೋದರೆ ಏನು ಗೊತ್ತಿರಬೇಕು?

ಮೊದಲನೆಯದಾಗಿ, ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದ ಕಿವಿಗೆ ಇದು ಪೂರ್ತಿ ತಲೆಕೆಳಗಾಗಿ ಕೇಳುತ್ತದೆ. ಗೌರವಕ್ಕೆ ಅಮ್ಮೆರ್ ಎಂದು ರಕಾರ ಸೇರುತ್ತದೆ, ಅಜ್ಜನಿಗೆ ಅಜ್ಜೆರ್ ಎನ್ನುವಂತೆ. ತಮ್ಮ ಮೆಗ್ಯೆ, ತಂಗಿ ಮೆಗ್ದಿ. ಸೋದರಮಾವ ತಮ್ಮಲೆ, ಅಳಿಯಸಂತಾನದ ಮನೆಗಳಲ್ಲಿ ಈ ತಮ್ಮಲೆಯ ಮಾತಿಗೆ ತೂಕ ಹೆಚ್ಚು, ಮದುವೆ ಮಾತುಕತೆಗೆ ಮೊದಲು ಅವರನ್ನು ಕಂಡು ಮಾತಾಡಿ. ಅತ್ತೆ ಮಾಮಿ. ಸೊಸೆ ಮರ್ಮಾಲ್, ಅಳಿಯ ಮರ್ಮಯೆ. ಮೊಮ್ಮಗು ಪುಳ್ಳಿ, ಈ ಪದವನ್ನು ಅಲ್ಲಿನ ಹವ್ಯಕರೂ ಬಳಸುತ್ತಾರೆ. ಉಡುಪಿ, ಕುಂದಾಪುರ ಕಡೆ ಅಮ್ಮನ ಅಮ್ಮನಿಗೆ ಅಮ್ಮಮ್ಮ ಎನ್ನುವುದು ಕೇಳುತ್ತದೆ.

ಕಸಿನ್ ಎನ್ನುವುದಕ್ಕೆ ಕನ್ನಡ ಪದ ಯಾವುದು?

ಒಂದು ಪದ ಇಲ್ಲ, ಬೇಕಾಗಿಯೂ ಇಲ್ಲ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳು ಅಣ್ಣ ತಮ್ಮ ಅಕ್ಕ ತಂಗಿಯರು. "ಸ್ವಂತ ಅಣ್ಣನಾ?" ಎಂದು ಯಾರಾದರೂ ಕೇಳಿದರೆ ಮಾತ್ರ "ಚಿಕ್ಕಪ್ಪನ ಮಗ" ಎಂದು ಬಿಡಿಸಬೇಕು. ಅತ್ತೆ, ಮಾವನ ಮಕ್ಕಳನ್ನು "ಅತ್ತೆ ಮಗ", "ಮಾವನ ಮಗಳು" ಎನ್ನುತ್ತಾರೆ. ಈಗಿನ ಪಟ್ಟಣದ ಮಕ್ಕಳು ಎಲ್ಲರನ್ನೂ ಅಣ್ಣ ಅಕ್ಕ ಎನ್ನುತ್ತಾರೆ. ಮಾವನ ಮಗನನ್ನು ಅಣ್ಣ ಎಂದರೆ ಹಳ್ಳಿಯ ಅಜ್ಜಿ ತಡೆದು "ಅಣ್ಣ ಅಲ್ಲ ಕಣೇ, ಭಾವ ಆಗಬೇಕು" ಎಂದು ತಿದ್ದುವುದಕ್ಕೆ ಕಾರಣ, ಅಣ್ಣ ಎಂದ ಮೇಲೆ ಮದುವೆಯ ದಾರಿ ಮುಚ್ಚಿತು ಎಂಬ ಹಳೆಯ ಎಣಿಕೆ. ಅಂಥ ಮದುವೆ ಯಾರಿಗೂ ಬೇಡದ ಮನೆಗಳಲ್ಲಿ ಅಣ್ಣ ಎಂದರೆ ಏನೂ ಕೆಡುವುದಿಲ್ಲ.

ಸಂಬಂಧದಲ್ಲೇ ಮದುವೆಯಾದರೆ ಒಬ್ಬರಿಗೆ ಎರಡು ಪದ ಬರುತ್ತವೆ. ಯಾವುದನ್ನು ಇಟ್ಟುಕೊಳ್ಳುವುದು?

ಅಕ್ಕನ ಮಗಳನ್ನು ಮದುವೆಯಾದಾಗ ಅಕ್ಕ ಅತ್ತೆಯಾಗುತ್ತಾಳೆ, ಭಾವ ಮಾವನಾಗುತ್ತಾನೆ. ಮಗುವಿಗೆ ಅಜ್ಜಿ ಸೋದರತ್ತೆಯೂ ಹೌದು. ರೂಢಿಯಲ್ಲಿ ಗಂಡ ಹಳೆಯ ಪದವನ್ನೇ ಬಿಡದೆ "ಅಕ್ಕಾ" ಎನ್ನುತ್ತಾನೆ, ಮಕ್ಕಳು ತಲೆಮಾರಿಗೆ ಸರಿಯಾದ "ಅಜ್ಜಿ" ಹಿಡಿಯುತ್ತಾರೆ. ಹುಟ್ಟಿನಿಂದ ಬಾಯಿಗೆ ಹತ್ತಿದ ಪದವನ್ನು ತಾಳಿ ಕಟ್ಟಿದ ಮರುದಿನ ಬದಲಿಸಲು ಯಾರನ್ನೂ ಒತ್ತಾಯಿಸಬೇಡಿ.

ಕಾನೂನಿನ ಮಾತು: 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಸೊಸೆ ಮತ್ತು ಅಣ್ಣತಂಗಿಯರ ಮಕ್ಕಳ ನಡುವಿನ ಮದುವೆಯನ್ನು ನಿಷೇಧಿತ ಸಂಬಂಧದಲ್ಲಿ ಸೇರಿಸುತ್ತದೆ, ಆದರೆ ಇಬ್ಬರ ಕಡೆಯ ರೂಢಿಯೂ ಒಪ್ಪಿದ್ದರೆ ವಿನಾಯಿತಿ ಕೊಡುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಆನುವಂಶಿಕ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ನಿಶ್ಚಯಕ್ಕೆ ಮೊದಲೇ ವೈದ್ಯರ ಸಲಹೆ ತೆಗೆದುಕೊಳ್ಳಿ.

ಅಜ್ಜ ತನ್ನ ಪುಟ್ಟ ಮೊಮ್ಮಗಳನ್ನು "ಅವ್ವಾ" ಎನ್ನುವುದು ಯಾಕೆ?

ಪ್ರೀತಿಗೆ. ಉತ್ತರ ಕರ್ನಾಟಕದಲ್ಲಿ ಗಂಡುಮಗುವಿಗೆ "ಯಪ್ಪಾ", "ತಮ್ಮಾ", ಹೆಣ್ಣುಮಗುವಿಗೆ "ಯವ್ವಾ", "ತಂಗೀ" ಎನ್ನುವುದು ದಿನದ ಮಾತು, ಅಪರಿಚಿತ ಹುಡುಗನನ್ನು ದಾರಿ ಕೇಳುವಾಗಲೂ "ತಮ್ಮಾ, ಬಸ್‌ಸ್ಟ್ಯಾಂಡ್ ಎಲ್ಲೈತಪಾ?" ಎನ್ನುತ್ತಾರೆ. ಇನ್ನೊಂದು ಕಾರಣವೂ ಇದೆ. ಮಗುವಿಗೆ ತೀರಿಕೊಂಡ ಅಜ್ಜ ಅಥವಾ ಅಜ್ಜಿಯ ಹೆಸರಿಟ್ಟರೆ ಸೊಸೆ ಆ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಕಟ್ಟುಪಾಡಿತ್ತು. ಹಾಗಾಗಿ ಮನೆಯಲ್ಲಿ ಮಗುವನ್ನು ಅಪ್ಪಿ, ಅವ್ವಿ, ಪುಟ್ಟ ಎಂದೇ ಕರೆದರು.

ಬಾರಪ್ಪ, ಕೂತ್ಕೊಳಮ್ಮ, ಕೇಳಣ್ಣ, ಹೇಳಕ್ಕ ಎಂದು ಕ್ರಿಯಾಪದಕ್ಕೆ ನೆಂಟಸ್ತಿಕೆ ಅಂಟಿಸುವುದು ಎಲ್ಲ ಸೀಮೆಗಳಲ್ಲೂ ಇದೆ. ವಯಸ್ಸಾದವರಿಗೆ ಬರೀ "ಬಾರಪ್ಪ" ಎಂದರೆ ಏಕವಚನವಾಗುತ್ತದೆ. "ಬನ್ನಿ ಅಣ್ಣ", "ಬರ್ರಿ ಯಜಮಾನ್ರ" ಎನ್ನಿ.

ಗಂಡನ ಹೆಸರು ಹೇಳದ ಹಿರಿಯ ಹೆಂಗಸರು ಏನೆನ್ನುತ್ತಿದ್ದರು?

ನಮ್ಮ ಮನೆಯವರು, ಯಜಮಾನ್ರು, ಇಲ್ಲವೇ ಮಗುವಿನ ಹೆಸರಿನ ಮೂಲಕ "ರಾಜುನ ಅಪ್ಪ". ಕರೆಯುವಾಗ "ರೀ", "ಏನ್ರೀ". ಹೆಸರು ಹೇಳಲೇಬೇಕಾದ ಶಾಸ್ತ್ರಗಳಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಪ್ರಾಸ ಕಟ್ಟಿ ಒಡಪು ಹೇಳಿ, ಕೊನೆಯ ಸಾಲಿನಲ್ಲಿ ಹೆಸರು ಸೇರಿಸುತ್ತಾರೆ.

ಲಗ್ನಪತ್ರಿಕೆಯಲ್ಲಿ ಮನೆಮಾತಿನ ಪದ ಹಾಕಬಹುದೇ?

ಹಾಕಬಹುದು, ಆದರೆ ಓದುವವರು ಎರಡು ಸೀಮೆಯವರಾದರೆ ಗೊಂದಲವಾಗುತ್ತದೆ. ವಿಜಯಪುರದ ಹುಡುಗಿ, ಮೈಸೂರಿನ ಹುಡುಗನ ಪತ್ರಿಕೆಯಲ್ಲಿ ಹೆಸರಿನ ಜೊತೆ ಮುತ್ಯಾ ಎಂದು ಮುದ್ರಿಸಿದರೆ ಮೈಸೂರಿನವರು ಅವರನ್ನು ಮುತ್ತಜ್ಜ ಎಂದೇ ಓದಿಕೊಳ್ಳುತ್ತಾರೆ. "ಅಜ್ಜ-ಅಜ್ಜಿ", "ಸೋದರಮಾವಂದಿರು", "ದೊಡ್ಡಪ್ಪ-ದೊಡ್ಡಮ್ಮಂದಿರು" ಎಂದು ಎಲ್ಲರಿಗೂ ತಿಳಿಯುವ ತಲೆಬರಹ ಹಾಕಿ ಕೆಳಗೆ ಹೆಸರು ಕೊಡಿ.

ಬಹುವಚನದಲ್ಲಿ ತಪ್ಪು ಬಹಳ. ಅಣ್ಣಂದಿರು, ಅಕ್ಕಂದಿರು, ಭಾವಂದಿರು, ಅಳಿಯಂದಿರು, ಅತ್ತೆಯಂದಿರು ಸರಿ. ಅಣ್ಣಗಳು, ಅತ್ತೆಗಳು ತಪ್ಪು. ಮಗ, ಮಗಳು ಎರಡಕ್ಕೂ ಬಹುವಚನ ಮಕ್ಕಳು, ಹಾಗೆಯೇ ಮೊಮ್ಮಕ್ಕಳು, ಮರಿಮಕ್ಕಳು. ಹೆಸರುಗಳನ್ನು ವಯಸ್ಸಿನ ಕ್ರಮದಲ್ಲೇ ಬರೆಯಿರಿ, ತೀರಿಕೊಂಡವರ ಹೆಸರಿನ ಹಿಂದೆ "ದಿ." ಬಿಟ್ಟುಹೋಗದಂತೆ ನೋಡಿ. ಕರಡನ್ನು ಎರಡೂ ಮನೆಯ ಒಬ್ಬೊಬ್ಬ ಹಿರಿಯ ಹೆಂಗಸಿಗೆ ಓದಿ ಹೇಳಿ. ಯಾರ ಹೆಸರು ಬಿಟ್ಟಿದೆ, ಯಾರ ಹಿರಿತನ ತಪ್ಪಿದೆ ಎಂದು ಅವರು ಕೂಡಲೇ ಹಿಡಿಯುತ್ತಾರೆ.

ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅರ್ಜಿಯಲ್ಲಿ ಚಿಕ್ಕಪ್ಪ, ಮಾವ ಎ‌ಂದು ಬರೆದರೆ ನಡೆಯುತ್ತದೆಯೇ?

ಬರೆಯಬೇಡಿ. ಚಿಕ್ಕಪ್ಪ ಎಂದರೆ ಅಪ್ಪನ ತಮ್ಮನೂ ಆಗಬಹುದು, ಅಮ್ಮನ ತಂಗಿಯ ಗಂಡನೂ ಆಗಬಹುದು. ಮೊದಲನೆಯವರು ದಾಯಾದಿ, ಪಿತ್ರಾರ್ಜಿತ ಆಸ್ತಿಯಲ್ಲಿ ಅವರ ಪಾಲಿರಬಹುದು. ಎರಡನೆಯವರಿಗೆ ಆ ಆಸ್ತಿಯಲ್ಲಿ ಸಂಬಂಧವೇ ಇಲ್ಲ. "ತಂದೆಯ ತಮ್ಮ", "ತಾಯಿಯ ಅಣ್ಣ", "ಮೃತರ ಎರಡನೇ ಮಗಳು" ಎಂದು ಕೊಂಡಿ ಕೊಂಡಿಯಾಗಿ ಬರೆಯಿರಿ. ಸಂಬಂಧ ಯಾರಿಂದ ಎಣಿಸಿದ್ದು, ಅರ್ಜಿದಾರರಿಂದಲೋ ಮೃತರಿಂದಲೋ ಎಂಬುದು ಎಲ್ಲ ಸಾಲುಗಳಲ್ಲೂ ಒಂದೇ ಇರಲಿ. ಅರ್ಧ ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ಬರೆದ ಅರ್ಜಿಗೆ ತಕರಾರು ಬರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಬೇಡಿ, ಅವರಿಗೂ ಹಕ್ಕಿದೆ. ಮನೆಯಲ್ಲಿ ಕರೆಯುವ ಹೆಸರು ಮತ್ತು ದಾಖಲೆಯ ಹೆಸರು ಬೇರೆಯಿದ್ದರೆ "ಉರುಫ್" ಹಾಕಿ ಎರಡನ್ನೂ ಬರೆಯಿರಿ.

ನಮ್ಮ ಮನೆಯ ಪದಗಳನ್ನು ಬರೆದಿಡಬೇಕು. ಎಲ್ಲಿಂದ ಶುರು ಮಾಡುವುದು?

ಒಂದು ದೊಡ್ಡ ಹಾಳೆಯ ನಡುವೆ ನಿಮ್ಮ ಹೆಸರು ಬರೆಯಿರಿ. ಮೇಲೆ ಎರಡು ತಲೆಮಾರು, ಕೆಳಗೆ ಎರಡು, ಪಕ್ಕದಲ್ಲಿ ಗಂಡ ಅಥವಾ ಹೆಂಡತಿಯ ಕಡೆ. ಮೂವತ್ತು ನಲವತ್ತು ಜಾಗ ತುಂಬುತ್ತದೆ. ಪ್ರತಿಯೊಬ್ಬರಿಗೂ ಎರಡು ಪದ ಕೇಳಿ: ಎದುರಿಗೆ ಏನೆಂದು ಕರೆಯುತ್ತೀರಿ, ಬೇರೆಯವರಿಗೆ ಹೇಳುವಾಗ ಏನೆನ್ನುತ್ತೀರಿ. ಓರಗಿತ್ತಿ, ನೆಗೆಣ್ಣಿಯಂಥವು ಎರಡನೇ ಪ್ರಶ್ನೆಗೆ ಮಾತ್ರ ಸಿಗುತ್ತವೆ.

"ಚಿಕ್ಕಮ್ಮನಿಗೆ ನೀವು ಏನಂತೀರಿ?" ಎಂದು ಕೇಳಬೇಡಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಅಜ್ಜಿ ಅದನ್ನೇ ತಿರುಗಿಸಿ ಹೇಳುತ್ತಾರೆ. "ನಿಮ್ಮವ್ವನ ತಂಗಿ ಬಾಗಿಲಲ್ಲಿ ನಿಂತಿದ್ದಾರೆ, ಒಳಗೆ ಹೇಗೆ ಕರೀತೀರಿ?" ಎಂದು ಕೇಳಿ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ, ಯಕ್ಕಾ, ಯಣ್ಣಾ ಎಂದು ಎಳೆಯುವ ದನಿ ಅಕ್ಷರದಲ್ಲಿ ಬರುವುದಿಲ್ಲ. ಓದಿದವರ ಎದುರು ಹಿರಿಯರು ಪುಸ್ತಕದ ಪದಕ್ಕೆ ಹಾರುವುದುಂಟು. ಅಡುಗೆಮನೆಯಲ್ಲಿ ಕೂತು, ಇನ್ನಿಬ್ಬರು ಹೆಂಗಸರ ಜೊತೆ ಮಾತಾಡುತ್ತಿರುವಾಗ ಕೇಳಿದರೆ ಮನೆಯ ಪದ ತಾನಾಗಿ ಬರುತ್ತದೆ. ಬರೆಯುವಾಗ ಅತ್ತಿಯನ್ನು ಅತ್ತೆ, ಸೊಸಿಯನ್ನು ಸೊಸೆ ಎಂದು ತಿದ್ದದೆ ಕೇಳಿದ ಹಾಗೆಯೇ ಬರೆಯಿರಿ. ಪಕ್ಕದಲ್ಲಿ ಹೇಳಿದವರ ತವರೂರು, ಗಂಡನ ಮನೆಯ ಊರು ಎರಡನ್ನೂ ಹಾಕಿ. ತವರಿನ ಪದ ಯಾವುದು, ಗಂಡನ ಮನೆಗೆ ಬಂದು ಕಲಿತದ್ದು ಯಾವುದು ಎಂದು ಕೇಳುವುದನ್ನೂ ಮರೆಯಬೇಡಿ.

ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಎಲ್ಲರೂ ಅಂಕಲ್, ಆಂಟಿ. ಏನು ಮಾಡುವುದು?

ಊರಿಗೆ ಬರುವ ಮುನ್ನ ಎಲ್ಲ ಪದ ಕಲಿಸಲು ಹೋಗಬೇಡಿ. ಈ ಸಲ ಭೇಟಿಯಾಗುವ ಎಂಟು ಹತ್ತು ಮಂದಿಯ ಫೋಟೊ ತೋರಿಸಿ, ಹೆಸರಿನ ಜೊತೆ ಪದ ಹೇಳಿಸಿ: ಪದ್ಮ ಅತ್ತೆ, ಸುರೇಶ ಮಾಮಾ. ಫೋನಿನಲ್ಲಿ ನಂಬರ್ ಉಳಿಸುವಾಗಲೂ ಹಾಗೆಯೇ ಉಳಿಸಿ. ವಿಡಿಯೊ ಕರೆಯಲ್ಲಿ ಆ ಕಡೆಯವರೇ "ನಾನು ನಿನ್ನ ಕಾಕು" ಎಂದು ಹೇಳಿಕೊಳ್ಳಲಿ. ತಂದೆ ತಾಯಿ ಬೇರೆ ಬೇರೆ ಸೀಮೆಯವರಾದರೆ ಅಪ್ಪನ ಕಡೆಯವರಿಗೆ ಅಪ್ಪನ ಊರಿನ ಪದ, ಅಮ್ಮನ ಕಡೆಯವರಿಗೆ ಅಮ್ಮನ ಊರಿನ ಪದ ಇಟ್ಟುಕೊಳ್ಳಿ. ಎರಡು ಅಜ್ಜಿಯರಲ್ಲಿ ಒಬ್ಬರು ಆಯಿ, ಇನ್ನೊಬ್ಬರು ಅಜ್ಜಿ ಆದರೆ ಮಗು ಯಾರ ವಿಷಯ ಹೇಳುತ್ತಿದೆ ಎಂದು ಮತ್ತೆ ಕೇಳಬೇಕಾಗುವುದಿಲ್ಲ.